ಮೂರನೇ ಹೋಳು

ನಮ್ಮ ಮನೆಯಲ್ಲಿ ಹಣ್ಣನ್ನು ಯಾರೂ ಊಟವೆಂದು ಎಣಿಸಿದವರಲ್ಲ. ಅನ್ನ ಊಟ, ನೂಡಲ್ಸ್ ಊಟ, ಓಣಿಯ ತುದಿಯಲ್ಲಿ ಸಿಗುವ ಮೀನಿನ ಗಂಜಿಯೂ ಊಟ. ಹಣ್ಣು ಬಾಯಿ ಚಪ್ಪರಿಸುವುದಕ್ಕೆ. ಅರವತ್ತು ವರ್ಷದಿಂದ ತೈನಾನ್ ಊರಿನ ಇದೇ ಓಣಿಯಲ್ಲಿ ಹಣ್ಣಿನಂಗಡಿ ಇಟ್ಟುಕೊಂಡವರ ಮನೆ ಇನ್ನು ಹೇಗಿದ್ದೀತು? ಸಂಜೆ ಉಳಿದ ಪರಂಗಿ, ಹುಳ ಕೊರೆದ ಸೀಬೆ, ಒಂದು ಮಗ್ಗುಲು ಮೆತ್ತಗಾದ ಮಾವು, ಎಲ್ಲವೂ ನಮ್ಮ ಹೊಟ್ಟೆಗೇ. ಹಾಗೆ ತಿಂದು ತಿಂದೇ ನಾನು ಮೂವತ್ತೊಂಬತ್ತನೇ ವಯಸ್ಸಿಗೆ ಅರವತ್ತೆಂಟು ಕಿಲೊ ನಾನೂರು ಗ್ರಾಂ ಆಗಿದ್ದೆ. ಪೇಯ್‌ರೋಂಗ್ ಎಂಬ ನನ್ನ ಹೆಸರು ಬ್ಯಾಂಕಿನವರಿಗಷ್ಟೇ ಗೊತ್ತು. ಅಜ್ಜಿ ಇಟ್ಟ ಹೆಸರು ಗುಂಡು, ಮನೆಯವರೆಲ್ಲ ಕರೆಯುವುದೂ ಅದನ್ನೇ.

ಆಸ್ಪತ್ರೆಯ ಆಹಾರ ತಜ್ಞೆ ಜುವಾಂಗ್ ಮೇಡಂ ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ಎರಡು ಸಲ ಓದಿದಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳು, ಗತ್ತಿನಲ್ಲಿ ಇಪ್ಪತ್ತು ವರ್ಷ ದೊಡ್ಡವಳು.

"ಹಣ್ಣು ಬರೆದೇ ಇಲ್ವಲ್ಲ ನೀವು?"

"ಹಣ್ಣನ್ನೂ ಬರೀಬೇಕಾ? ಅದು ನೀರಲ್ವಾ ಮೇಡಂ?"

"ನೀರಲ್ಲ, ಸಕ್ಕರೆ. ಒಂದು ಬಟ್ಟಲಿಗೆ ಅರವತ್ತು ಕ್ಯಾಲೊರಿ. ದಿನಕ್ಕೆ ಎರಡೇ ಬಟ್ಟಲು, ಅದೂ ಅಂಚಿಗೆ ಸಮ. ಮೇಲೆ ಗೋಪುರ ಕಟ್ಟಂಗಿಲ್ಲ."

"ಅಂಗಡೀಲಿ ಹೆಚ್ಚುವಾಗ ಬಾಯಿಗೆ ಹಾಕ್ಕೊಳ್ಳೋ ಚೂರು?"

"ಅದನ್ನೂ ಬರೀರಿ."

"ವಾಟೆ ಚೀಪೋದು?"

ಅವಳು ಪೆನ್ನು ಕೆಳಗಿಟ್ಟಳು. "ಅಕ್ಕ, ನಿಮ್ಮ ಲಿವರಿಗೆ ವಾಟೆ ಯಾವುದು, ತಿರುಳು ಯಾವುದು ಅಂತ ಗೊತ್ತಾಗಲ್ಲ. ಎಲ್ಲವನ್ನೂ ಕೊಬ್ಬು ಮಾಡಿ ಇಟ್ಕೊಂಡಿದೆ. ಇಂಥ ಲಿವರನ್ನ ನಿಮ್ಮಪ್ಪನಿಗೆ ಹಾಕೋಕೆ ಡಾಕ್ಟ್ರು ಒಪ್ಪಲ್ಲ."

ವಿಷಯ ಅದೇ ಆಗಿತ್ತು. ಅಪ್ಪನ ಲಿವರ್ ಕೆಟ್ಟಿತ್ತು. ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ಪಾಲು ಕೊಟ್ಟರೆ ಬದುಕುತ್ತಾನೆ, ಇಲ್ಲವಾದರೆ ಬಿರುಗಾಳಿಯ ತಿಂಗಳುಗಳನ್ನು ದಾಟುವುದಿಲ್ಲ ಎಂದಿದ್ದರು. ತಮ್ಮ ಬೋಹಾನ್‌ನ ರಕ್ತದಲ್ಲೂ ಅಪ್ಪನಿಗಿದ್ದ ವೈರಸ್ಸೇ ಇತ್ತು, ಅವನು ಕೊಡುವಂತಿಲ್ಲ. ಅಮ್ಮ ಇಲ್ಲ, ಅಪ್ಪನ ಅಕ್ಕನಿಗೆ ವಯಸ್ಸು ಮೀರಿತ್ತು. ಉಳಿದವಳು ನಾನೊಬ್ಬಳು. ರಕ್ತ ಹೊಂದಿತು, ಕೊಬ್ಬು ಅಡ್ಡ ಬಂತು. ಏಳು ವಾರದೊಳಗೆ ಅರವತ್ತೆರಡಕ್ಕೆ ಇಳಿಯಬೇಕು, ಲಿವರಿನ ಕೊಬ್ಬು ಕರಗಬೇಕು, ಆಮೇಲೆ ಆಪರೇಷನ್.

ಈ ಸುದ್ದಿ ಓಣಿಗೆಲ್ಲ ಗೊತ್ತಿತ್ತು, ಒಬ್ಬರಿಗೆ ಬಿಟ್ಟು. ಅಜ್ಜಿಗೆ ಹೇಳಿರಲಿಲ್ಲ. ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು, ಆದರೂ ಹೇಳಬೇಕಿತ್ತು. ಮದುವೆಯಾಗಲಿ, ಪರೀಕ್ಷೆಯಾಗಲಿ, ಹೊಸ ಸ್ಕೂಟರಾಗಲಿ, ಊದುಬತ್ತಿ ಹಚ್ಚಿ, ತೀರಿಕೊಂಡ ಹಿರಿಯರ ಹೆಸರು ಬರೆದ ಹಲಗೆಯ ಮುಂದೆ ಒಂದು ಮಾತು ಹೇಳಿಯೇ ಮುಂದಿನ ಕೆಲಸ. ಆದರೆ ಅಪ್ಪನ ಅಕ್ಕ ಚೈಯುನ್ ಅತ್ತೆ ಅಡ್ಡ ಬಂದಿದ್ದಳು.

"ಅಮ್ಮನ ಕಿವಿಗೆ ಹಾಕ್ಬೇಡ್ರೋ," ಎಂದಿದ್ದಳು. "ಬದುಕಿದ್ದಾಗಲೇ ಇವನಿಗೆ ಒಂದು ನೆಗಡಿ ಆದ್ರೆ ಊಟ ಬಿಟ್ಟು ಕೂರ್ತಿದ್ಲು. ಮಗ ಏಳೋವರೆಗೂ ತುತ್ತು ಮುಟ್ಟಲ್ಲ ಅಂತ ಹಟ. ಈಗ ಅಲ್ಲಿ ಒಬ್ಬಳೇ ಕೂತು ಯಾಕೆ ಒದ್ದಾಡ್ಬೇಕು?"

ಹಾಗಾಗಿ ಅಪ್ಪ ದಿನಾ ಬೆಳಿಗ್ಗೆ ಹಳದಿ ಬಿದ್ದ ಕಣ್ಣಿನಲ್ಲೇ ಊದುಬತ್ತಿ ಹಿಡಿದು, "ಎಲ್ಲ ಚೆನ್ನಾಗಿದ್ದೀವಮ್ಮ," ಎನ್ನುತ್ತಿದ್ದ. ನಾನು ಹಿಂದೆ ನಿಂತು ತಲೆ ಆಡಿಸುತ್ತಿದ್ದೆ. ಸತ್ತವರಿಗೆ ಸುಳ್ಳು ಹೇಳುವುದು ಬದುಕಿದ್ದವರಿಗೆ ಹೇಳುವುದಕ್ಕಿಂತ ಸುಲಭ, ಅವರು ಮುಖ ನೋಡಿ ಮರುಪ್ರಶ್ನೆ ಹಾಕುವುದಿಲ್ಲ. ಹಾಗೆಂದುಕೊಂಡಿದ್ದೆ.

ಮೊದಲ ಒಂಬತ್ತು ದಿನ ನಾನು ಪ್ರಾಮಾಣಿಕವಾಗಿ ಹಸಿದೆ. ಬೇಯಿಸಿದ ಎಲೆಕೋಸು, ಚರ್ಮ ಸುಲಿದ ಕೋಳಿ, ಅಂಗೈಯಷ್ಟು ಅನ್ನ, ಎರಡು ಬಟ್ಟಲು ಹಣ್ಣು. ದಿನವಿಡೀ ಕೈಯಲ್ಲಿ ಚಾಕು ಹಿಡಿದು ಬೇರೆಯವರಿಗೆ ಮಾವು ಹೆಚ್ಚಿಕೊಡುವವಳಿಗೆ ಎರಡು ಬಟ್ಟಲು ಎಂದರೆ ಶಿಕ್ಷೆಯೇ ಸರಿ. ನಾನೂರು ಗ್ರಾಂ ಇಳಿದಿತ್ತು, ಅಷ್ಟೇ. ಸಿಟ್ಟು ಮಾತ್ರ ಕಿಲೊಗಟ್ಟಲೆ ಏರಿತ್ತು.

ಹತ್ತನೇ ದಿನ ಐದನೇ ತಿಂಗಳ ಪಾಡ್ಯ ಬಂತು. ಪಾಡ್ಯಕ್ಕೂ ಹುಣ್ಣಿಮೆಗೂ ಹಿರಿಯರಿಗೆ ಹಣ್ಣಿಡುವುದು ವಾಡಿಕೆ. ಸೀಬೆ, ಟೊಮೆಟೊ ಇಡುವಂತಿಲ್ಲ, ಬೇರೆ ಏನಾದರೂ ಆದೀತು. ಅಜ್ಜಿಗೆ ಪ್ರಾಣವೆಂದರೆ ಹಸಿರು ಸಿಪ್ಪೆಯ, ನಾರು ನಾರಾದ ಸಣ್ಣ ನಾಟಿ ಮಾವು. ಆ ವರ್ಷದ ಕೊನೆಯ ನಾಟಿ ಮಾವುಗಳನ್ನು ಹುಡುಕಿ ತಂದು ತಟ್ಟೆಯಲ್ಲಿ ಜೋಡಿಸಿದೆ. ಅತ್ತೆ ಊದುಬತ್ತಿ ಹಚ್ಚಿದಳು.

"ಗುಂಡು, ಜೊಲ್ಲು ಸುರಿಸ್ಬೇಡ," ಎಂದು ಛೇಡಿಸಿದಳು. "ಅಮ್ಮ ತಿಂದಾದ ಮೇಲೆ ನೀನೇ ತಿನ್ನು. ಸಾರ ಎಲ್ಲ ಅವಳು ಹೀರಿರ್ತಾಳೆ, ಉಳಿಯೋದು ಬರೀ ನಾರು. ಅದಕ್ಕೆ ಎಂಥ ಕ್ಯಾಲೊರಿ? ನಿಮ್ಮ ಮೇಡಂ ಲೆಕ್ಕಕ್ಕೆ ಬರಲ್ಲ."

ತಮಾಷೆಗೆ ಹೇಳಿದ ಮಾತು. ಹಿರಿಯರಿಗಿಟ್ಟ ಹಣ್ಣು ಆಮೇಲೆ ಸಪ್ಪೆಯಾಗುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅತ್ತೆ ಅಂಗಡಿಗೆ ಹೋದಳು. ಅಪ್ಪ ಒಳಗೆ ಮಲಗಿದ್ದ. ಊದುಬತ್ತಿ ಅರ್ಧ ಉರಿದ ಮೇಲೆ ಅರ್ಧಚಂದ್ರದ ಎರಡು ಮರದ ಬಿಲ್ಲೆಗಳನ್ನು ನೆಲಕ್ಕೆ ಹಾಕಿ "ತಿಂದಾಯ್ತಾ?" ಎಂದು ಕೇಳಬೇಕು. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ ಹೂಂ. ಎರಡೂ ಮಗುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ಹಿರಿಯರು ನಗುತ್ತಿದ್ದಾರೆ, ಪ್ರಶ್ನೆ ಸರಿಯಿಲ್ಲ. ಹೂಂ ಬೀಳುವವರೆಗೆ ತಟ್ಟೆ ಎತ್ತುವ ಹಾಗಿಲ್ಲ.

ನಾನು ಕೇಳಲಿಲ್ಲ. ಊದುಬತ್ತಿ ಇನ್ನೂ ಬೆರಳಷ್ಟೂ ಉರಿದಿರಲಿಲ್ಲ. ಹಸಿವು ಕಣ್ಣಿಗೆ ಹತ್ತಿತ್ತು. ಕೈ ಹಾಕಿ ಒಂದು ಮಾವು ಎತ್ತಿಕೊಂಡು, ಅಜ್ಜಿಯ ಫೋಟೊಕ್ಕೆ ಬೆನ್ನು ತಿರುಗಿಸಿ ನಿಂತು, ಸಿಪ್ಪೆ ಕಚ್ಚಿ ಸುಲಿದೆ.

ಮೊದಲ ಕಡಿತ ಸಿಹಿಯಾಗಿತ್ತು. ಎರಡನೆಯದು ಅಷ್ಟಿಲ್ಲ. ಮೂರನೆಯ ಹೊತ್ತಿಗೆ ರಸ ಬಾಯಿಗೆ ಬರುತ್ತಿತ್ತು, ರುಚಿ ಬರುತ್ತಿರಲಿಲ್ಲ. ಅದೇ ಹಣ್ಣನ್ನು ಇನ್ನೊಂದು ತುದಿಯಿಂದ ಯಾರೋ ಚೀಪುತ್ತಿರುವ ಹಾಗೆ. ವಾಟೆಗೆ ಬರುವಾಗ ಒದ್ದೆ ಹತ್ತಿ ಜಗಿದಂತಾಯಿತು. ಅತ್ತೆ ಹೇಳಿದ್ದು ಸರಿ, ಇದರಲ್ಲಿ ಏನೂ ಇಲ್ಲ ಎಂದುಕೊಂಡು ಇನ್ನೆರಡು ತಿಂದೆ. ಮೇಡಂ ಕೊಟ್ಟಿದ್ದ ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.

ಅಲ್ಲಿಂದ ತೂಕ ಇಳಿಯತೊಡಗಿತು. ಎರಡು ದಿನಕ್ಕೆ ಅರ್ಧ ಕಿಲೊ, ಮೂರು ದಿನಕ್ಕೆ ಮುಕ್ಕಾಲು. ಜೊತೆಗೆ ಅಂಗಡಿಯ ಹಣ್ಣೂ ಸಪ್ಪೆಯಾಯಿತು. ನಾನು ಬಾಯಿಗಿಟ್ಟ ಲಿಚಿ, ಪರಂಗಿ, ಕಲ್ಲಂಗಡಿ ಎಲ್ಲವೂ ನೀರು. ಗಿರಾಕಿಗಳು ಮಾತ್ರ "ಈ ಸಲ ಏನು ಸಿಹಿ ರೀ!" ಎಂದು ಚಪ್ಪರಿಸುತ್ತಿದ್ದರು. ಹಣ್ಣಾದ ಮೇಲೆ ಅನ್ನ ಸಪ್ಪೆಯಾಯಿತು, ಆಮೇಲೆ ಮೀನು. ನಾಲಿಗೆ ಕೆಟ್ಟಿರಬೇಕೆಂದುಕೊಂಡೆ. ತೂಕ ಇಳಿಯುತ್ತಿತ್ತಲ್ಲ, ನಾಲಿಗೆಯ ಚಿಂತೆ ಯಾರಿಗೆ?

ತೂಕದ ಯಂತ್ರ ಇದ್ದದ್ದು ಹಜಾರದಲ್ಲಿ, ಹಿರಿಯರ ಹಲಗೆಯ ಕೆಳಗೆ. ಮನೆಯಲ್ಲಿ ನೆಲ ಸಮವಾಗಿರುವ ಜಾಗ ಅದೊಂದೇ. ಗಾಜಿನದು, ಹತ್ತಿ ನಿಂತರೆ ಫೋನಿಗೆ ಅಂಕಿ ಕಳಿಸುತ್ತದೆ. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಫೋನು ನೋಡುತ್ತಿದ್ದೆ. ನನ್ನ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇತ್ತು. "ಹೊಸ ಸದಸ್ಯರು. ಹೆಸರು ಸೇರಿಸುವಿರಾ?" ಎಂದು ಕೇಳುತ್ತಿತ್ತು.

ಮೊದಲ ದಾಖಲೆ ಪಾಡ್ಯದ ಮರುದಿನದ್ದು. ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ, 31.0. ಮರುದಿನ ಅದೇ ಹೊತ್ತಿಗೆ 31.2. ಹಾಗೇ ಏರುತ್ತಾ ಹೋಗಿ ಅವತ್ತಿನ ಬೆಳಗ್ಗೆಗೆ 33.8.

ಮನೆಯಲ್ಲಿ ಅಷ್ಟು ಹಗುರ ಯಾರೂ ಇಲ್ಲ. ಅಪ್ಪ ಒಣಗಿ ಹೋಗಿದ್ದರೂ ನಲವತ್ತೊಂಬತ್ತು. ಬೋಹಾನ್‌ಗೆ ತೋರಿಸಿದೆ. ಅವನು ಪಕ್ಕದ ಓಣಿಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಾನೆ, ಯಂತ್ರವೆಂದರೆ ತನಗೇ ಗೊತ್ತು ಎನ್ನುವವನು.

"ಅಗ್ಗದ ಮಾಲು ತಂದ್ರೆ ಹೀಗೇ ಅಕ್ಕ. ಬ್ಯಾಟರಿ ತೆಗೆದು ಹಾಕು."

"ದಿನಾ ಐದು ಹತ್ತಕ್ಕೇ ಕೆಡುತ್ತಾ ನಿನ್ನ ಬ್ಯಾಟರಿ?"

ಐದು ಹತ್ತು ಎಂದು ಬಾಯಲ್ಲಿ ಅಂದ ಮೇಲೆ ನನಗೇ ಹೊಳೆಯಿತು. ಅಜ್ಜಿ ಹಣ್ಣಿನ ಮಂಡಿಗೆ ಹೊರಡಲು ಷಟರ್ ಎತ್ತುತ್ತಿದ್ದ ಹೊತ್ತು ಅದು. ಐವತ್ತು ವರ್ಷ ಓಣಿಯವರು ಆ ಸದ್ದಿಗೆ ಏಳುತ್ತಿದ್ದರು. ಮೂವತ್ತೊಂದು ಕಿಲೊ ಎಂಬುದೂ ನನಗೆ ಗೊತ್ತಿದ್ದ ಅಂಕಿಯೇ. ಅಜ್ಜಿಯ ಕೊನೆಯ ವಾರ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದದ್ದು ಅದನ್ನೇ. ಎರಡು ಪೆಟ್ಟಿಗೆ ಮಾವಿಗಿಂತ ಕಡಿಮೆ. ಅವಳನ್ನು ಹಾಸಿಗೆಯಿಂದ ಎತ್ತಿ ಕೂರಿಸುತ್ತಿದ್ದವಳು ನಾನು.

ಕೈ ತಡೆಯಲಿಲ್ಲ, ಕೂಡಿಸಿ ನೋಡಿದೆ. ಅವತ್ತು ನಾನು 65.2, ಅದು 33.8. ಹಿಂದಿನ ದಿನ 65.5, 33.5. ಯಾವ ದಿನ ಕೂಡಿಸಿದರೂ ತೊಂಬತ್ತೊಂಬತ್ತು. ನನ್ನಿಂದ ಕರಗಿದ್ದು ಕರಗಿ ಎಲ್ಲೂ ಹೋಗಿರಲಿಲ್ಲ, ನಮ್ಮ ಹಜಾರದಲ್ಲೇ ಇತ್ತು.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಅರವತ್ತೆರಡು ಮುಟ್ಟಲು ಇನ್ನೂ ಮೂರು ಕಿಲೊ ಬೇಕಿತ್ತು. ತಿನ್ನಲಿ, ಅವಳ ಹೊಟ್ಟೆಯೂ ತುಂಬಲಿ, ನನ್ನ ಕೆಲಸವೂ ಆಗಲಿ ಎಂದುಕೊಂಡೆ. ಹೆದರಿಕೆಯಾಗುತ್ತಿತ್ತು, ಬೆಳಿಗ್ಗೆ ಐದರಿಂದ ಐದೂವರೆಯವರೆಗೆ ಕೋಣೆಯ ಬಾಗಿಲು ತೆಗೆಯುತ್ತಿರಲಿಲ್ಲ. ಆದರೆ ಹೆದರಿಕೆಗಿಂತ ಆಸೆ ದೊಡ್ಡದು. ಅಲ್ಲದೆ ಅಜ್ಜಿಗೆ ನಾನು ಒಂದು ಬಾಕಿ ಉಳಿಸಿಕೊಂಡಿದ್ದೆ.

ಅಜ್ಜಿಗೆ ಸಕ್ಕರೆ ಕಾಯಿಲೆ. ಕೊನೆಯ ಎರಡು ವರ್ಷ ಕಾಲಿನ ಗಾಯ ಮಾಯಲೇ ಇಲ್ಲ. ಹಣ್ಣಿನ ಫ್ರಿಜ್ಜಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡವಳು ನಾನು. ದಿನಕ್ಕೆ ಎರಡು ಹೋಳು, ಎಣಿಸಿ ಕೊಡುತ್ತಿದ್ದೆ. ಊರಿಗೆಲ್ಲ ಹಣ್ಣು ಹಂಚಿದ, ಗಿರಾಕಿಗೆ ಕೊಟ್ಟ ಮೇಲೆ ಮಗುವಿನ ಕೈಗೆ ಒಂದನ್ನು ಎಣಿಸದೆ ಇಡುತ್ತಿದ್ದ ಹೆಂಗಸು ಅವಳು. ಕೊನೆಯ ಸಂಜೆ ಎರಡು ಹೋಳು ತಿಂದು, ಬೆರಳು ನೆಕ್ಕಿ, "ಗುಂಡು, ಇನ್ನೊಂದು," ಎಂದಳು. "ಲೆಕ್ಕ ಮುಗೀತು ಅಜ್ಜಿ," ಎಂದು ನಾನು ತಟ್ಟೆ ಎತ್ತಿಕೊಂಡು ಹೋದೆ. ಮೂರನೇ ಹೋಳು ತಟ್ಟೆಯಲ್ಲೇ ಇತ್ತು. ಅಡುಗೆಮನೆಯಲ್ಲಿ ನಾನೇ ತಿಂದೆ. ಬೆಳಿಗ್ಗೆ ಷಟರಿನ ಹೊತ್ತಿಗೆ ಅವಳು ಇರಲಿಲ್ಲ.

ಆರನೇ ವಾರಕ್ಕೆ ನಾನು ಅರವತ್ತೆರಡು ಮುಟ್ಟಿದೆ. ಸ್ಕ್ಯಾನ್ ಮಾಡಿ ಲಿವರ್ ನೋಡಿದ ಡಾಕ್ಟರು, "ಇದು ಅದೇ ಲಿವರಾ?" ಎಂದು ಬೆರಗಾದರು. ಜುವಾಂಗ್ ಮೇಡಂ ನನ್ನ ಪುಸ್ತಕ ತಿರುವಿ, "ಹಣ್ಣು ಬರೆಯೋಕೆ ಶುರು ಮಾಡಿದ್ರಿ ನೋಡಿ, ಅದಕ್ಕೇ!" ಎಂದು ಹಿಗ್ಗಿದಳು. ಆಪರೇಷನ್ನಿಗೆ ದಿನ ಗೊತ್ತಾಯಿತು, ಹನ್ನೆರಡು ದಿನ ಮುಂದೆ. "ಇನ್ನು ಇಳಿಸ್ಬೇಡಿ," ಎಂದರು ಡಾಕ್ಟರು. "ಐವತ್ತೇಳರ ಕೆಳಗೆ ಹೋದ್ರೆ ನಿಮ್ಮ ಮೈಯಲ್ಲಿ ಕತ್ತರಿ ತಡೆಯೋ ಶಕ್ತಿ ಇರಲ್ಲ. ಆಗ ಆಪರೇಷನ್ ಮುಂದೆ ಹೋಗುತ್ತೆ. ನಿಮ್ಮಪ್ಪನಿಗೆ ಕಾಯೋ ಟೈಮಿಲ್ಲ."

ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಹಂದಿಮಾಂಸದ ಅನ್ನ ಎರಡು ಬಟ್ಟಲು, ಕರಿದ ಕೋಳಿ, ಸಕ್ಕರೆ ಹಾಕಿದ ಸೋಯಾ ಹಾಲು. ಎಲ್ಲ ಒದ್ದೆ ಹತ್ತಿ. ಮರುದಿನ 61.4. ಬೋಹಾನ್ ಕಡಲ ಸಿಂಪಿಯ ಆಮ್ಲೆಟ್ ತಂದ, ಓಣಿಯವರು ಕೋಳಿಸಾರು ಕಳಿಸಿದರು. ನಾನು ಬೆವರುತ್ತಾ ತಿನ್ನುತ್ತಿದ್ದೆ, ಮೈ ಇಳಿಯುತ್ತಲೇ ಇತ್ತು. ಅರವತ್ತು. ಐವತ್ತೊಂಬತ್ತು. ಕೆನ್ನೆ ಬತ್ತಿತು, ಅಮ್ಮನ ಉಂಗುರ ಬೆರಳಿನಿಂದ ಜಾರಿ ಅಂಗಡಿಯ ಚರಂಡಿಗೆ ಬಿತ್ತು. ಅಪ್ಪ ನನ್ನನ್ನು ದಿಟ್ಟಿಸಿ ನೋಡಿ, "ನನಗೋಸ್ಕರ ಉಪವಾಸ ಸಾಯ್ಬೇಡ ಕಣೇ," ಎಂದ. ತಿನ್ನುತ್ತಿದ್ದೇನೆ ಎಂದರೆ ನಂಬಲಿಲ್ಲ.

ಕೊನೆಗೆ ಅತ್ತೆಗೆ ಎಲ್ಲ ಹೇಳಿ ಫೋನು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಪಟ್ಟಿ ಓದಿದಳು. ಮುಖ ಬಿಳುಚಿತು.

"ಅವಳು ತಿಂತಿರುವಾಗ ತಟ್ಟೆಗೆ ಕೈ ಹಾಕಿದ್ಯೇನೇ?"

"ಹಸಿವಾಗಿತ್ತು ಅತ್ತೆ."

"ಥೂ, ನಿನ್ನ ಹೊಟ್ಟೆ ಸುಡ! ಎಂಜಲು ಹಂಚ್ಕೊಂಡಿದ್ದೀಯ. ಅವಳ ಊಟ ಇನ್ನೂ ಮುಗಿದಿಲ್ಲ. ಮುಗಿಯೋವರೆಗೆ ನೀನು ತಿಂದಿದ್ದೆಲ್ಲ ಅವಳ ತಟ್ಟೆಗೇ."

ಬುಟ್ಟಿ ಬುಟ್ಟಿ ಹಣ್ಣಿಟ್ಟೆವು. ನಾಟಿ ಮಾವು ಮುಗಿದಿತ್ತು, ಕೆಂಪು ಮಾವು, ಲಿಚಿ, ಅನಾನಸ್ ಇಟ್ಟೆವು. ಊದುಬತ್ತಿ ಉರಿದು ಬೂದಿಯಾಗುವವರೆಗೆ ಕಾದು ಬಿಲ್ಲೆ ಹಾಕಿದೆ. ತಿಂದಾಯ್ತಾ ಅಜ್ಜಿ? ಇಲ್ಲ. ಸಾಕಾಯ್ತಾ? ಇಲ್ಲ. ನನ್ನ ಮೇಲೆ ಸಿಟ್ಟಾ? ಎರಡೂ ಅಂಗಾತ ಬಿದ್ದವು, ನಗು. ಅತ್ತೆ ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡಳು. ಇಲ್ಲ. ಮರುದಿನ ಬೆಳಿಗ್ಗೆ ನಾನು 57.6, ಅಜ್ಜಿ 41.4. ಆಪರೇಷನ್ನಿಗೆ ಇನ್ನು ನಾಲ್ಕು ದಿನ. ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೊನೆಯ ತೂಕ ಹಿಡಿಯುವವರಿದ್ದರು.

ಆ ಮಾರನೆಯ ಬೆಳಿಗ್ಗೆ ಐದಕ್ಕೆ ನಾನು ಬಾಗಿಲು ತೆರೆದು ಹಜಾರಕ್ಕೆ ಬಂದೆ. ಮೊದಲು ನನ್ನ ತೂಕ ನೋಡಿಕೊಂಡೆ, 57.2. ಒಂದು ಮಾವು ಹೆಚ್ಚಿ, ಮೂರು ಹೋಳು ತಟ್ಟೆಯಲ್ಲಿಟ್ಟು, ಊದುಬತ್ತಿ ಹಚ್ಚಿ, ತೂಕದ ಯಂತ್ರದ ಎದುರಿಗೆ ನೆಲದ ಮೇಲೆ ಕೂತೆ. ಹೊರಗೆ ಬೆಳಕು ಹರಿಯುತ್ತಿತ್ತು. ಯಾವುದೋ ಮನೆಯ ಕುಕ್ಕರು ಕೂಗುತ್ತಿತ್ತು.

ಗೋಡೆ ಗಡಿಯಾರ ಐದು ಹತ್ತು ತೋರಿಸಿತು. ಯಂತ್ರದ ಗಾಜು ಕರ್ ಎಂದಿತು, ನಾನು ಹತ್ತಿದಾಗ ಅನ್ನುವ ಹಾಗೇ. ಅಂಕಿಗಳು ಹೊತ್ತಿಕೊಂಡವು. 41.8.

ಗಾಜಿನ ಮೇಲೆ ಏನೂ ಇರಲಿಲ್ಲ. ಆದರೆ ನಾಟಿ ಮಾವಿನ ಸೊನೆಯ ವಾಸನೆ ಹಜಾರವೆಲ್ಲ ತುಂಬಿತು. ನಾನು ಹೆಚ್ಚಿದ್ದು ಕೆಂಪು ಮಾವು, ಅದಕ್ಕೆ ಆ ವಾಸನೆ ಇಲ್ಲ. ಅಜ್ಜಿಯ ಬೆರಳಿನ ವಾಸನೆ ಅದು. ನನ್ನ ಮೈಮೇಲಿನ ಕೂದಲೆಲ್ಲ ನಿಂತಿತು, ಜೊತೆಗೆ ಅಳುವೂ ಬಂತು.

"ಅಜ್ಜಿ, ನಾನು ಗುಂಡು," ಎಂದೆ. "ಅವತ್ತಿನ ಮೂರನೇ ಹೋಳು ಇದು. ಅದನ್ನ ನಾನೇ ತಿಂದಿದ್ದೆ. ಯಾರಿಗೂ ಹೇಳಿರಲಿಲ್ಲ. ತಪ್ಪಾಯ್ತು, ತಿನ್ನಜ್ಜಿ."

ಬಿಲ್ಲೆ ಹಾಕಿದೆ. ತಿಂದಾಯ್ತಾ? ನಗು. ಮತ್ತೆ ಹಾಕಿದೆ. ಇಲ್ಲ. ಅಂಕಿ ನನ್ನ ಕಣ್ಣೆದುರೇ 41.9 ಆಯಿತು. ನಾನು ಅವತ್ತು ಬೆಳಿಗ್ಗೆ ನೀರೂ ಕುಡಿದಿರಲಿಲ್ಲ, ಆದರೂ ಪೈಜಾಮಾದ ಲಾಡಿ ಸೊಂಟದಲ್ಲಿ ಸಡಿಲವಾದದ್ದು ತಿಳಿಯಿತು. 42.0. ಈಗ ನನಗೆ ಐವತ್ತೇಳಷ್ಟೇ ಉಳಿದಿತ್ತು.

ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಬಂದದ್ದನ್ನು ಏನು ಮಾಡಲಿ?

"ತಿನ್ನು, ಎಲ್ಲ ತಿನ್ನು!" ಎಂದು ಕೂಗಿದೆ. "ಇದು ನನ್ನದು ಅಂದ್ಕೊಂಡಿದ್ದೀಯಾ? ಬೊಜ್ಜಿಳಿಸಿ ಚೆಂದ ಕಾಣೋಕೆ ಒಣಗ್ತಿದ್ದೀನಿ ಅಂದ್ಕೊಂಡ್ಯಾ? ಅಪ್ಪನ ಲಿವರ್ ಸತ್ತು ಹೋಗಿದೆ ಅಜ್ಜಿ. ನಿನ್ನ ಮಗ ಸಾಯ್ತಿದ್ದಾನೆ. ನನ್ನದನ್ನ ಕೊಯ್ದು ಅವನಿಗೆ ಹಾಕ್ತಾರೆ, ಮೂರೇ ದಿನ ಇದೆ. ನೀನು ಈಗ ತಿಂತಿರೋದು ನನ್ನ ಪಾಲಲ್ಲ. ನಿನ್ನ ಮಗನ ಪಾಲು."

ಅಂಕಿ ನಿಂತಿತು. ಸೊನೆಯ ವಾಸನೆ ಒಮ್ಮೆಲೇ ಇಲ್ಲವಾಯಿತು. ಗಾಜು ಇನ್ನೊಮ್ಮೆ ಕರ್ ಎಂದಿತು, ಯಾರೋ ಇಳಿದ ಹಾಗೆ, ಆಮೇಲೆ ಬೆಳಕು ಆರಿತು. ಬಿಲ್ಲೆ ಹಾಕಿದೆ. ಒಂದು ಮಗುಚಿ, ಒಂದು ಅಂಗಾತ. ಮತ್ತೆ ಹಾಕಿದೆ, ಹೂಂ. ಮೂರನೆಯ ಸಲವೂ ಹೂಂ.

ಹಿಂದೆ ಉಸಿರಿನ ಸದ್ದಾಯಿತು. ಅಪ್ಪ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ.

"ಹೇಳಿಬಿಟ್ಯಾ?" ಎಂದ.

"ಹೇಳಿಬಿಟ್ಟೆ."

ಅವನು ಫೋಟೊ ನೋಡಿದ. "ಅಯ್ಯೋ ಗುಂಡು, ಇನ್ನು ಅವಳು ಊಟ ಬಿಡ್ತಾಳೆ ಕಣೇ," ಎಂದು ಅತ್ತುಬಿಟ್ಟ. ಆಗ ನನಗೆ ಆ ಮಾತು ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ. ತಟ್ಟೆಯಲ್ಲಿದ್ದ ಮೂರು ಹೋಳನ್ನೂ ಬಾಯಿಗೆ ತುರುಕಿಕೊಂಡು, ಮೇಲೆ ಎರಡು ಬಟ್ಟಲು ಗಂಜಿ ಸುರಿದುಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿ 58.1 ತೋರಿಸಿತು. ಅದು ಗಂಜಿಯ ತೂಕವೋ, ಯಾರಾದರೂ ಕೊಟ್ಟದ್ದೋ ಗೊತ್ತಿಲ್ಲ. ಆಪರೇಷನ್ ದಿನದ ಹೊತ್ತಿಗೆ 61.4 ಆಗಿದ್ದೆ. "ಇಷ್ಟು ಬೇಗ ಹೇಗೆ ಏರಿದ್ರಿ?" ಎಂದು ಡಾಕ್ಟರು ಹುಬ್ಬು ಗಂಟಿಕ್ಕಿ ರಕ್ತವನ್ನೂ ಲಿವರನ್ನೂ ಮತ್ತೆ ನೋಡಿದರು. ಎಲ್ಲ ಸರಿಯಾಗಿತ್ತು.

ಹತ್ತು ಗಂಟೆ ಆಪರೇಷನ್ ಆಯಿತು. ಅಪ್ಪ ಉಳಿದ. ಮೂರನೇ ವಾರಕ್ಕೆ ಕಣ್ಣಿನ ಹಳದಿ ಹೋಗಿ ಬಿಳಿ ಬಂತು. ತಿಂಗಳು ತುಂಬುವಷ್ಟರಲ್ಲಿ ಅವನು 55.6 ತೂಗಿದ. "ನೀರು ತುಂಬಿಲ್ಲ, ಊತ ಇಲ್ಲ, ಬರೀ ಮೈ ಬಂದಿದೆ. ಏನು ತಿನ್ನಿಸಿದ್ರಿ?" ಎಂದು ನರ್ಸಮ್ಮ ಕೇಳಿದಳು. ಅತ್ತೆ ನನ್ನ ಮುಖ ನೋಡಿದಳು. ಕೂಡಿಸುವ ಚಟ ನನಗೆ ಬಿಟ್ಟಿಲ್ಲ. ಐವತ್ತೇಳರಿಂದ ನನಗೆ ಮರಳಿ ಬಂದದ್ದು ನಾಲ್ಕು ಕಿಲೊ ನಾನೂರು ಗ್ರಾಂ. ಅಪ್ಪನಿಗೆ ಬಂದದ್ದು ಆರು ಕಿಲೊ ಆರುನೂರು. ಒಟ್ಟು ಹನ್ನೊಂದು ಕಿಲೊ.

ಮನೆಗೆ ಬಂದ ದಿನ ಫೋನಿನ ಆ ಎರಡನೇ ಪಟ್ಟಿ ತೆರೆದೆ. ಕೊನೆಯ ದಾಖಲೆ ಆಪರೇಷನ್ ದಿನದ ಬೆಳಿಗ್ಗೆಯದು. ಐದು ಹತ್ತು, 31.0.

ಎಂಟನೇ ತಿಂಗಳ ಪಾಡ್ಯಕ್ಕೆ ಆ ವರ್ಷದ ಕೊನೆಯ ಮಾವು ಸಿಕ್ಕಿತು. ಮೂರು ಹೋಳು ಮಾಡಿ ಇಟ್ಟೆ. ಈ ಸಲ ಅವಸರ ಮಾಡಲಿಲ್ಲ. ಊದುಬತ್ತಿ ಪೂರ್ತಿ ಉರಿಯಲು ಬಿಟ್ಟು ಬಿಲ್ಲೆ ಹಾಕಿದೆ. ಮೊದಲ ಸಲಕ್ಕೇ ಹೂಂ. ಹೋಳು ತೆಗೆದು ಬಾಯಿಗಿಟ್ಟೆ.

ಸಿಹಿ. ಗಂಟಲು ಕಟ್ಟುವಷ್ಟು ಸಿಹಿ. ಮೂರು ವರ್ಷದಲ್ಲಿ ಆ ತಟ್ಟೆಯಿಂದ ತೆಗೆದ ಯಾವ ಹಣ್ಣಿಗೂ ಅಷ್ಟು ರುಚಿ ಇದ್ದಿರಲಿಲ್ಲ. ಅಜ್ಜಿ ಮುಟ್ಟಿಯೇ ಇರಲಿಲ್ಲ. ಎರಡನೇ ಹೋಳೂ ಹಾಗೇ, ಮೂರನೆಯದೂ ಹಾಗೇ. ಅಪ್ಪ ಅವತ್ತು ಅತ್ತದ್ದು ಯಾಕೆಂದು ನನಗೆ ಆಗ ತಿಳಿಯಿತು.

ಅಪ್ಪನೇ ಬಂದು ಊದುಬತ್ತಿ ಹಿಡಿದ. ಕೆನ್ನೆ ತುಂಬಿಕೊಂಡ ಮುಖವನ್ನು ಫೋಟೊದ ಹತ್ತಿರ ತಂದು, "ಎಲ್ಲ ಚೆನ್ನಾಗಿದ್ದೀವಮ್ಮ, ನಾನು ಎದ್ದಿದ್ದೀನಿ, ತಿನ್ನಮ್ಮ," ಎಂದ. ಬೇರೆ ಹಣ್ಣಿಟ್ಟು ಕಾದೆವು. ತೆಗೆದು ತಿಂದರೆ ಅದೂ ಸಿಹಿಯಾಗಿತ್ತು.

ತಿಂಗಳುಗಟ್ಟಲೆ ಆ ಮಾತನ್ನು ದಿನವೂ ಸುಳ್ಳಾಗಿ ಹೇಳಿದವರು ನಾವು. ಈಗ ನಿಜ ಹೇಳಿದರೆ ಅವಳು ಯಾಕೆ ನಂಬಬೇಕು?

ಪಾಡ್ಯಕ್ಕೂ ಹುಣ್ಣಿಮೆಗೂ ಈಗಲೂ ಹಣ್ಣಿಡುತ್ತೇನೆ. ಸಿಪ್ಪೆ ಸುಲಿದು, ವಾಟೆಯ ಸುತ್ತಲಿನ ತಿರುಳೂ ಬಿಡಿಸಿ ಇಡುತ್ತೇನೆ. ಕೇಳಿದ ಕೂಡಲೇ ಹೂಂ ಬೀಳುತ್ತದೆ. ಕಚ್ಚಿದರೆ ಸಿಹಿ. ಅಳುತ್ತಾ ತಿಂದು ಮುಗಿಸಿ, ಜುವಾಂಗ್ ಮೇಡಂ ಕೊಟ್ಟ ಪುಸ್ತಕ ತೆಗೆಯುತ್ತೇನೆ. ಹಿರಿಯರಿಗಿಟ್ಟ ಹಣ್ಣು, ಒಂದು ಬಟ್ಟಲು, ಅರವತ್ತು ಎಂದು ಬರೆಯುತ್ತೇನೆ.